ಮಗಳಿಗೆ ‘ಇಳಾ’ ಎಂದು ಹೆಸರಿಡಬಹುದೇ? ಉಚ್ಚಾರಣೆ ‘ಇಳಾ’ಯೋ ‘ಇಲಾ’ಯೋ?

ಪ್ರಶ್ನೆ:
ನಾವು ಶಿವಮೊಗ್ಗ ಕಡೆಯವರು, ಈಗ ಲಂಡನ್ನಿನಲ್ಲಿದ್ದೇವೆ. ಇಲ್ಲಿ ಮಗುವಿನ ಜನನವನ್ನು 42 ದಿನಗಳೊಳಗೆ ನೋಂದಾಯಿಸಬೇಕಾದ್ದರಿಂದ ಹೆಸರನ್ನು ಬೇಗ ನಿರ್ಧರಿಸಬೇಕಾಗಿದೆ. ‘ಇಳಾ’ ನಮ್ಮಿಬ್ಬರಿಗೂ ಇಷ್ಟ. ‘ಇಳೆ ಎಂದರೆ ಭೂಮಿ, ಚೆನ್ನಾಗಿದೆ’ ಎಂದು ಅತ್ತೆಯವರೂ ಒಪ್ಪಿದ್ದಾರೆ. ಆದರೆ ದೆಹಲಿಯಲ್ಲಿ ಬೆಳೆದ ನನ್ನ ಓರಗಿತ್ತಿ ‘ಇಲಾ’ ಎಂಬುದೇ ಸರಿ, ‘ಳ’ ಹಳ್ಳಿಯ ಉಚ್ಚಾರ ಎನ್ನುತ್ತಾರೆ. ಮನೆಗೆ ಬರುವ ದಾದಿಗೆ ಹೆಸರನ್ನು ಚೀಟಿಯಲ್ಲಿ ಬರೆದು ತೋರಿಸಿದಾಗ ಆಕೆ ಓದಿದ್ದು ‘ಐಲಾ’ ಎಂದು. ಯಾವುದು ಸರಿ? ಈ ಹೆಸರು ಎಷ್ಟು ಬಳಕೆಯಲ್ಲಿದೆ?

ಉತ್ತರ 1:
‘ಳ’ ಹಳ್ಳಿಯದಲ್ಲ, ವೇದದ್ದು. ಋಗ್ವೇದದ ಮೊದಲ ಮಾತೇ ‘ಅಗ್ನಿಮೀಳೇ’. ಅದೇ ಮೊದಲ ಮಂಡಲದಲ್ಲಿ ‘ಇಳಾ ಸರಸ್ವತೀ ಮಹೀ’ ಎಂದು ಮೂವರು ದೇವಿಯರನ್ನು ಒಟ್ಟಿಗೆ ಕರೆಯಲಾಗಿದೆ. ಅಲ್ಲಿ ಎರಡು ಸ್ವರಗಳ ನಡುವಿನ ‘ಡ’ಕಾರ ‘ಳ’ ಆಗುತ್ತದೆ. ಮುಂದಿನ ಸಂಸ್ಕೃತದಲ್ಲಿ ಆ ಅಕ್ಷರ ಬಿಟ್ಟುಹೋದದ್ದರಿಂದ ಒಂದೇ ಹೆಸರು ಇಡಾ, ಇಲಾ ಎಂದೂ ಉಳಿಯಿತು. ಸಂಸ್ಕೃತದ ‘ಲ’ ಕನ್ನಡದಲ್ಲಿ ‘ಳ’ ಆಗುವುದಂತೂ ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನ ಕಾಲಕ್ಕೇ ಎಷ್ಟು ರೂಢಿಯಾಗಿತ್ತೆಂದರೆ, ಅದಕ್ಕೆ ‘ಕ್ಷಳ’ ಎಂಬ ಬೇರೆಯ ಹೆಸರೇ ಇತ್ತು. ಆದ್ದರಿಂದ ನಿಮ್ಮ ಓರಗಿತ್ತಿಯವರ ‘ಇಲಾ’ ತಪ್ಪಲ್ಲ, ನಿಮ್ಮ ‘ಇಳಾ’ ಇನ್ನೂ ಹಳೆಯದು. ಸೀತಾ ಸೀತೆಯಾದಂತೆ ಇದು ಕನ್ನಡದಲ್ಲಿ ‘ಇಳೆ’ ಆಗಿದೆ. ಮನೆಯಲ್ಲಿ ಹಾಗೆಯೇ ಕರೆದರೂ ಸೊಗಸೇ.

ಪುರಾಣದ ಇಳೆ ಮನುವಿನ ಮಗಳು, ಬುಧನ ಹೆಂಡತಿ, ಪುರೂರವನ ತಾಯಿ. ಅವಳೇ ಸುದ್ಯುಮ್ನನೆಂಬ ಗಂಡಸೂ ಆಗಿದ್ದಳೆಂಬ ಕಥೆಯನ್ನು ನಾಮಕರಣದ ದಿನ ಯಾರಾದರೂ ಹಿರಿಯರು ಖಂಡಿತ ಎತ್ತುತ್ತಾರೆ, ಸಿದ್ಧರಾಗಿರಿ.

ಉತ್ತರ 2:
ಬಳಕೆಯ ಬಗ್ಗೆ: ಬಂಗಾಳ, ಗುಜರಾತುಗಳ ಹಳೆಯ ತಲೆಮಾರಿಗೆ ‘ಇಲಾ’ ಪರಿಚಿತ ಹೆಸರು, ತೇಭಾಗಾ ರೈತ ಹೋರಾಟದ ಇಲಾ ಮಿತ್ರ, 1972ರಲ್ಲಿ ಅಹಮದಾಬಾದಿನಲ್ಲಿ ದುಡಿಯುವ ಹೆಂಗಸರ ಸಂಘ ‘ಸೇವಾ’ ಕಟ್ಟಿದ ಇಲಾ ಭಟ್ ಎಲ್ಲರಿಗೂ ಗೊತ್ತು. ಕನ್ನಡಿಗರಲ್ಲಿ ‘ಳ’ ಇರುವ ರೂಪವನ್ನು ನಾನು ಕೇಳಿರುವುದು ಬೆರಳೆಣಿಕೆಯಷ್ಟು. ನಿಮ್ಮಲ್ಲಿಯ ತೊಡಕು ಬೇರೆ. ಇಂಗ್ಲೆಂಡಿನಲ್ಲಿ ಹಲವು ವರ್ಷಗಳಿಂದ ಮೊದಲ ಹತ್ತು ಹೆಸರುಗಳಲ್ಲಿರುವ ‘ಐಲಾ’ದ ಕಾಗುಣಿತದಲ್ಲಿ ಉಚ್ಚರಿಸದ ‘ಎಸ್’ ಒಂದಿದೆ. ಆ ಹೆಸರಿಗೇ ಕಿವಿ ಒಗ್ಗಿರುವವರು ನಿಮ್ಮ ಮಗಳ ಹೆಸರನ್ನು ಅದರದೇ ಇನ್ನೊಂದು ಕಾಗುಣಿತವೆಂದು ಓದುವುದು ಸಹಜ.

ಉತ್ತರ 3:
ನನ್ನ ಹೆಸರೇ ಇಳಾ, ವಯಸ್ಸು ಮೂವತ್ತನಾಲ್ಕು. ಉಚ್ಚಾರಣೆಗಿಂತ ಹೆಚ್ಚು ಕಾಡಿದ್ದು ಅಚ್ಚು. ಇಂಗ್ಲಿಷಿನ ದೊಡ್ಡ ‘ಐ’, ಚಿಕ್ಕ ‘ಎಲ್’ ಎರಡೂ ಅನೇಕ ಅಚ್ಚುಗಳಲ್ಲಿ ಬರೀ ನಿಂತ ಗೆರೆ. ಒಮ್ಮೆ ವಿಮಾನ ನಿಲ್ದಾಣದ ಸಿಬ್ಬಂದಿಯೊಬ್ಬರು ನನ್ನ ಟಿಕೆಟ್ ಹಿಡಿದು ‘ಲ್ಲಾ’ ಎಂದು ಎರಡು ಸಲ ಕೂಗಿ ಸುಮ್ಮನಾದರು. ಅಂದಿನಿಂದ ಅರ್ಜಿಗಳಲ್ಲೆಲ್ಲ ದೊಡ್ಡಕ್ಷರಗಳಲ್ಲೇ ಬರೆಯುತ್ತೇನೆ. ಕೊನೆಗೆ ‘ಎ’ ಒಂದೇ ಸಾಕು. ಎರಡು ಹಾಕಿದರೆ ಅದನ್ನು ಹೇಳಿ ಬರೆಸುವುದು ಇನ್ನೊಂದು ಕೆಲಸ. ‘ಳ’ವನ್ನು ಇಂಗ್ಲಿಷಿನಲ್ಲಿ ಯಾವ ಕಾಗುಣಿತವೂ ತರಲಾರದು, ಅದನ್ನು ಮನೆಯವರೇ ಕಾಪಾಡಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಒಂದೇ ‘ಎ’ ಇಟ್ಟು ನೋಂದಾಯಿಸುತ್ತೇವೆ. ಓರಗಿತ್ತಿಯವರಿಗೆ ‘ಅಗ್ನಿಮೀಳೇ’ ಕಳುಹಿಸಿದ್ದೇನೆ, ಉತ್ತರ ಬಂದಿಲ್ಲ.