ವೆಸ್ಟ್ ಎಂಡ್ ಗರ್ಲ್ಸ್: 1984ರದ್ದಾ, 1985ರದ್ದಾ? ಕೊಂಡವರು ಅನುಭವ ಹೇಳಿ

ಮೈಸೂರು ತಂಗಿ: ಮುಂದಿನ ತಿಂಗಳು ನಮ್ಮಣ್ಣನಿಗೆ ಐವತ್ತೈದು ತುಂಬುತ್ತದೆ. ಬ್ರಿಟನ್ನಿನ ಪಾಪ್ ಜೋಡಿ ಪೆಟ್ ಶಾಪ್ ಬಾಯ್ಸ್ ಅಂದ್ರೆ ಅವನಿಗೆ ಪ್ರಾಣ. ಅವರ ವೆಸ್ಟ್ ಎಂಡ್ ಗರ್ಲ್ಸ್ ಹಾಡಿನ 12 ಇಂಚಿನ ಗ್ರಾಮಫೋನ್ ಪ್ಲೇಟು ಕೊಡಿಸಬೇಕು ಅಂತ ಆಸೆ. ಹಾಡು ಎರಡು ಸಲ ರೆಕಾರ್ಡ್ ಆಗಿದೆಯಂತೆ. ನಿರ್ಮಾಪಕ ಬಾಬಿ ಒರ್ಲಾಂಡೋ ಮಾಡಿದ 1984ರ ಎಪಿಕ್ ಕಂಪನಿ ಪ್ಲೇಟು ತಗೊಳ್ಳಲಾ, ಸ್ಟೀಫನ್ ಹೇಗ್ ಮಾಡಿದ 1985ರ ಪಾರ್ಲೋಫೋನ್ ಕಂಪನಿಯದ್ದು ತಗೊಳ್ಳಲಾ? ಎಲ್ಲಾ ಸೇರಿ ₹5,000 ಒಳಗೆ ಆಗಬೇಕು. ಅವನ ಪ್ಲೇಯರ್ ಹಳೆಯದು, ಮುಳ್ಳು ಸ್ವಲ್ಪ ಭಾರ.

ಬಸವನಗುಡಿ ಪ್ಲೇಟು: 1984ರದ್ದೇ. ಎರಡನೇ ಮಾತಿಲ್ಲ. ನಾನು ಅದಕ್ಕಾಗಿ ನಾಲ್ಕು ವರ್ಷ ಕಾದೆ. ಪ್ಲೇಟಿಗೆ 22 ಪೌಂಡ್, ಅಂಚೆಗೆ 19 ಪೌಂಡ್, ಇಲ್ಲಿ ಬಂದ ಮೇಲೆ ಸುಂಕ ₹1,870. ಕಳಿಸಿದವನು ರಟ್ಟು ಕೂಡ ಇಟ್ಟಿರಲಿಲ್ಲ. ಬರೀ ತೆಳು ಕವರ್. ತೆಗೆದು ನೋಡಿದರೆ ಹಪ್ಪಳದ ಹಾಗೆ ಸೊಟ್ಟ! ಅವತ್ತು ರಾತ್ರಿ ಊಟ ಸೇರಲಿಲ್ಲ. ಎರಡು ದಪ್ಪ ಗಾಜಿನ ನಡುವೆ ಇಟ್ಟು, ಮೇಲೆ 25 ಕೆಜಿ ಅಕ್ಕಿ ಮೂಟೆ ಹೇರಿ, 12 ದಿನ ಬಿಟ್ಟೆ. ಗಾಜಿಗೆ ₹640 ಬೇರೆ. ಈಗಲೂ ಅಂಚಿನ ಹತ್ತಿರ ಮುಳ್ಳು ದೋಣಿಯ ಹಾಗೆ ಏರಿ ಇಳಿಯುತ್ತದೆ. ಆದರೂ ಹಾಡುತ್ತದೆ. ನ್ಯೂಯಾರ್ಕಿನಲ್ಲಿ ಮಾಡಿದ ಆ ಒರಟು ಡ್ರಮ್ಮು, ಆ ಅವಸರ, ಆಮೇಲಿನದ್ದರಲ್ಲಿ ಎಲ್ಲಿದೆ? ಸ್ಟಾಲಿನ್ ಹೆಸರು ಬರುವ ಸಾಲು ಇರುವುದೂ ಇದರಲ್ಲೇ. 1985ರಲ್ಲಿ ಅದನ್ನು ಕತ್ತರಿಸಿಬಿಟ್ಟರು.

ಕ್ರಾಯ್ಡನ್ ಕನ್ನಡತಿ: ಕತ್ತರಿಸಿದ್ದು ಒಳ್ಳೆಯದೇ ಆಯಿತು ಸರ್. ಆ ಸಾಲು ಹಾಡಿಗೆ ಕೂಡುತ್ತಲೇ ಇರಲಿಲ್ಲ. ನಾನು 1985ರದ್ದು ಇಲ್ಲೇ ಲಂಡನ್ನಿನಲ್ಲಿ, ದಾನ ಬಂದ ಹಳೆ ಸಾಮಾನು ಮಾರುವ ಒಂದು ಚಾರಿಟಿ ಅಂಗಡಿಯಲ್ಲಿ 3 ಪೌಂಡಿಗೆ ತಗೊಂಡೆ. ಕವರ್ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಗೀಚಿದ್ದರು. ಪ್ಲೇಟು ಮಾತ್ರ ಕನ್ನಡಿ. ಶುರುವಿನಲ್ಲಿ ಬೀದಿಯ ಸದ್ದು, ಹೆಜ್ಜೆ ಸಪ್ಪಳ ಕೇಳುತ್ತದಲ್ಲ, ಅದು ಸ್ಟುಡಿಯೋದ ಹೊರಗಿನ ರಸ್ತೆಯಲ್ಲೇ ರೆಕಾರ್ಡ್ ಮಾಡಿದ್ದು. ನಾನು ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಕೊನೆ ರೈಲು ಇಳಿದು ಒಬ್ಬಳೇ ನಡೆಯುತ್ತಿದ್ದೆ. ಆಗ ಕೇಳುತ್ತಿದ್ದದ್ದು ಅದೇ ಸದ್ದು. ಆಮೇಲೆ ಬೇಸ್ ಮೆಲ್ಲಗೆ ಒಳಗೆ ಬರುತ್ತದೆ. ಜೊತೆಗೆ ಹಾಡಿದ ಹೆಲೆನಾ ಸ್ಪ್ರಿಂಗ್ಸ್ ದನಿಯೂ ಹಳೆಯದರಲ್ಲಿ ಇಲ್ಲ. 1986ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ, ಮೇನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದದ್ದು ಯಾವುದು? ಇದೇ ಅಲ್ವಾ?

ಬಸವನಗುಡಿ ಪ್ಲೇಟು: ಮೊದಲ ಸ್ಥಾನ ನೋಡಿಕೊಂಡು ಹಾಡು ಕೇಳೋದಾದರೆ ಮಾತೇ ಬೇಡ ಬಿಡಿ. ಒರ್ಲಾಂಡೋ ಕೈ ಹಿಡಿಯದಿದ್ದರೆ ಗಾಯಕ ನೀಲ್ ಟೆನೆಂಟ್ ಇನ್ನೂ ಸ್ಮ್ಯಾಶ್ ಹಿಟ್ಸ್ ಪತ್ರಿಕೆಯಲ್ಲೇ ಬರೆಯುತ್ತಾ ಕೂತಿರುತ್ತಿದ್ದ.

ಕ್ರಾಯ್ಡನ್ ಕನ್ನಡತಿ: ಆ ಒರ್ಲಾಂಡೋ ಒಪ್ಪಂದದಿಂದ ಬಿಡಿಸಿಕೊಳ್ಳೋಕೆ ಪೆಟ್ ಶಾಪ್ ಬಾಯ್ಸ್ ಮುಂದಿನ ಸಂಪಾದನೆಯಲ್ಲಿ ಅವನಿಗೆ ಪಾಲು ಕೊಡಬೇಕಾಯಿತು. ಅದನ್ನೂ ಹೇಳಿ ಸರ್. 3 ಪೌಂಡ್ ಕೊಟ್ಟವಳಿಗೆ ಕಿವಿ ಇಲ್ಲ ಅಂದುಕೊಳ್ಳಬೇಡಿ.

ಕದ್ರಿ ಕೇಳುಗ: ನನ್ನ ಕಥೆ ಕೇಳಿ ಮಾರಾಯ್ರೇ. ನಾನು ತರಿಸಿದ್ದು 1984ರ 12 ಇಂಚು. ಬಂದದ್ದು 1985ರ 7 ಇಂಚು! ವಾಪಸ್ ಕಳಿಸಲು ₹2,300. ದುಡ್ಡು ಕೈಗೆ ಬರಲು 71 ದಿನ. ಅಷ್ಟೂ ದಿನ ಆ ಪುಟ್ಟ ಪ್ಲೇಟು ನನ್ನ ಹತ್ತಿರ ಇರಲಿಲ್ಲ, ದುಡ್ಡೂ ಇರಲಿಲ್ಲ. ಕೊನೆಗೆ ಅದನ್ನೇ ಇನ್ನೊಬ್ಬರಿಂದ ₹900ಕ್ಕೆ ತಗೊಂಡೆ. ಹಿಂದಿನ ಬದಿಯ ‘ಎ ಮ್ಯಾನ್ ಕುಡ್ ಗೆಟ್ ಅರೆಸ್ಟೆಡ್’ ಈಗ ನನಗೆ ಮುಂದಿನ ಹಾಡಿಗಿಂತ ಜಾಸ್ತಿ ಇಷ್ಟ. ವೆಸ್ಟ್ ಎಂಡ್ ಗರ್ಲ್ಸ್‌ನ ಆ ತುತ್ತೂರಿ ಎಮ್ಯುಲೇಟರ್ ಅನ್ನೋ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ನುಡಿಸಿದ್ದು ಅಂತ ಗೊತ್ತಾದ ದಿನ ಮಾತ್ರ ಸ್ವಲ್ಪ ಬೇಜಾರಾಯಿತು. ನಮ್ಮಪ್ಪ ಬ್ಯಾಂಡಿನಲ್ಲಿ ನಿಜವಾದ ತುತ್ತೂರಿ ಊದುತ್ತಿದ್ದರು.

ಮೈಸೂರು ತಂಗಿ: ಎಲ್ಲರಿಗೂ ಥ್ಯಾಂಕ್ಸ್. ಭಾರದ ಮುಳ್ಳಿಗೆ ಯಾವುದು ತಡೆಯುತ್ತದೆ, ಯಾರಾದರೂ ಹೇಳ್ತೀರಾ?

ಧಾರವಾಡ ಸೂಜಿ: ಮುಳ್ಳಿನ ಮಾತು ಆಮೇಲೆ ಅಕ್ಕಾ, ಮೊದಲು ತೊಳೆಯೋದು ಕಲಿಯಬೇಕು. ನನ್ನ 1984ರ ಪ್ಲೇಟಿನಲ್ಲಿ ಒಲೆ ಮೇಲೆ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ, 5 ಲೀಟರ್. ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆ ಬ್ರಷ್‌ನಿಂದ ಗೆರೆಯ ಜೊತೆಗೇ ಸುತ್ತ ಉಜ್ಜಿದೆ. ನೀರು ಚಹಾದ ಬಣ್ಣಕ್ಕೆ ಬಂತು. ಮೂರನೇ ಸಲಕ್ಕೆ ಸದ್ದು ಅರ್ಧಕ್ಕೆ ಇಳಿಯಿತು. ಅವಸರದಲ್ಲಿ ನಡುವಿನ ಕಾಗದ ನೆನೆಸಿಬಿಟ್ಟೆ, ಅದೊಂದು ನೋವು ಉಳಿದಿದೆ.

ಬಸವನಗುಡಿ ಪ್ಲೇಟು: ಬ್ಯಾಟರಿ ನೀರಾ? 40 ವರ್ಷದ ಪ್ಲೇಟಿಗೆ? ಅದರಲ್ಲಿ ಆಸಿಡ್ ಇರುತ್ತದೆ!

ಧಾರವಾಡ ಸೂಜಿ: ಆಸಿಡ್ ಬೇರೆ ಡಬ್ಬಿ ರೀ. ಇದು ಬ್ಯಾಟರಿಗೆ ಮೇಲಿಂದ ತುಂಬುವ ಬರೀ ನೀರು. ಓದದೆ ಮಾತಾಡಬೇಡ್ರಿ. ಅಕ್ಕಿ ಮೂಟೆ ಹೇರಿದವರು ನೀವು.

ಬಸವನಗುಡಿ ಪ್ಲೇಟು: ಅಕ್ಕಿ ಮೂಟೆಯಿಂದಲೇ ನನ್ನ ಪ್ಲೇಟು ಉಳಿಯಿತು. ನಿಮ್ಮದರ ಕಾಗದ ಏನಾಯಿತು?

ಕ್ರಾಯ್ಡನ್ ಕನ್ನಡತಿ: ತಂಗಿ, ಬೇಕಾದರೆ ನನ್ನ 1985ರ ಪ್ಲೇಟೇ ಕೊಡುತ್ತೇನೆ. ಡಿಸೆಂಬರ್‌ನಲ್ಲಿ ಮೈಸೂರಿಗೆ ಬರ್ತಿದ್ದೇನೆ. ಸೂಟ್‌ಕೇಸಿನಲ್ಲಿ ಎರಡು ಸೀರೆ ನಡುವೆ ಇಟ್ಟು ತರುತ್ತೇನೆ. ಹುಟ್ಟುಹಬ್ಬಕ್ಕೆ ತಡವಾಗುತ್ತದೆ, ಅಷ್ಟೇ.

ಮೈಸೂರು ತಂಗಿ: ಅಕ್ಕ, ನಿಜವಾಗಲೂ? ಅವನು ಕಾಯುತ್ತಾನೆ. ಆ ಫೋನ್ ನಂಬರ್ ಅಳಿಸಬೇಡಿ, ಹಾಗೇ ಇರಲಿ.