ದಿನದ ಕೆಲಸ ಹೊಂದಿಸಿಕೊಳ್ಳುವುದು ಹೇಗೆ? ಮುಂಬೈ ಕನ್ನಡಿಗರ ಗುಂಪಿನಲ್ಲಿ ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಆಫೀಸುಗಳಿಗೆ ಹೋಗಿ ಅಲ್ಲಿನ ಉದ್ಯೋಗಿಗಳ ಜೊತೆ ಒತ್ತಡದ ಬಗ್ಗೆ ಮಾತಾಡುವ ಕೌನ್ಸೆಲರ್ ಮೇಡಂ ನಮ್ಮ ಗುಂಪಿನಲ್ಲೇ ಇದ್ದಾರೆ. ಇವತ್ತು ಅವರು ಉತ್ತರ ಕೊಡುತ್ತಾರೆ. ಗುಡ್ ಮಾರ್ನಿಂಗ್ ಚಿತ್ರಗಳಿಗೆ ಇವತ್ತೊಂದು ದಿನ ರಜೆ ಇರಲಿ.

ಪ್ರಶ್ನೆ (ಡೊಂಬಿವಲಿ): ಮೇಡಂ, ನಾನು ಅಂಧೇರಿಯಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಘಾಟ್ಕೋಪರ್‌ವರೆಗೆ ಲೋಕಲ್, ಆಮೇಲೆ ಮೆಟ್ರೊ. ಬೆಳಿಗ್ಗೆ ಡೈರಿಯಲ್ಲಿ ಹತ್ತು ಹನ್ನೆರಡು ಕೆಲಸ ಬರೆದಿಡುತ್ತೇನೆ. ಸಂಜೆ ನೋಡಿದರೆ ಮೂರೋ ನಾಲ್ಕೋ ಮುಗಿದಿರುತ್ತವೆ. ತಿಂಗಳ ತಾರೀಖುಗಳು ಬೇರೆ ಕುತ್ತಿಗೆಗೆ ಬರುತ್ತವೆ: 7ಕ್ಕೆ ಟಿಡಿಎಸ್, 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ ಕಟ್ಟುವ ರಿಟರ್ನ್ 3ಬಿ. ರಾತ್ರಿ ಊಟಕ್ಕೆ ಕೂತರೂ ತಲೆಯಲ್ಲಿ ಅದೇ. ನಾನೇ ನಿಧಾನವಾ?

ಉತ್ತರ: ನಿಧಾನ ಅಲ್ಲ. ನಿಮ್ಮ ಡೈರಿಯಲ್ಲಿ ಕೆಲಸಗಳಿವೆ, ಗಂಟೆಗಳಿಲ್ಲ. ಒಂಬತ್ತು ಗಂಟೆ ಆಫೀಸಿನಲ್ಲಿ ಇರುತ್ತೀರಿ ಅಂದುಕೊಳ್ಳಿ. ಅದರಲ್ಲಿ ಊಟ, ಚಹಾ, ಮೀಟಿಂಗ್, "ಪೇಮೆಂಟ್ ಯಾವಾಗ ಬರುತ್ತೆ" ಅಂತ ಬರುವ ಫೋನು, ಬಾಸ್ ಕರೆಯುವುದು, ಎಲ್ಲ ಕಳೆಯಿರಿ. ನಿಮ್ಮ ಕೈಗೆ ಉಳಿಯುವುದು ಮೂರು, ಹೆಚ್ಚೆಂದರೆ ನಾಲ್ಕು ಗಂಟೆ. ಪಟ್ಟಿ ಬರೆಯಬೇಕಾದದ್ದು ಅಷ್ಟಕ್ಕೆ ಮಾತ್ರ. ಮೂರು ಕೆಲಸ ಬರೆದು ಮೂರೂ ಮುಗಿಸಿದವರು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಹನ್ನೆರಡು ಬರೆದು ಅದೇ ಮೂರು ಮುಗಿಸಿದವರು ಸೋತ ಮುಖ ಮಾಡಿಕೊಂಡು ಹೋಗುತ್ತಾರೆ. ಕೆಲಸ ಮಾತ್ರ ಇಬ್ಬರದೂ ಅಷ್ಟೇ ಅಲ್ವಾ?

ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡುವುದರಲ್ಲಿ ನಾವೆಲ್ಲ ಕಚ್ಚಾ. ಕಾನಮನ್ ಮತ್ತು ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲೇ ಇದನ್ನು ಬರೆದರು. 1994ರಲ್ಲಿ ಕೆನಡಾದ ಸಂಶೋಧಕರು ತಮ್ಮ ವಿದ್ಯಾರ್ಥಿಗಳನ್ನು ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಅಂತ ಕೇಳಿದರು. ಸರಾಸರಿ 34 ದಿನ ಅಂದರು, ಹಿಡಿದದ್ದು 55 ದಿನ. ಹೋದ ಸಲ ತಡವಾಗಿದ್ದು ನೆನಪಿದ್ದರೂ "ಈ ಸಲ ಹಾಗಾಗಲ್ಲ" ಅನ್ನುತ್ತೇವೆ. ಹಾಗಾಗಿ ಹೋದ ತಿಂಗಳು 3ಬಿಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತೋ ಅದನ್ನೇ ಬರೆಯಿರಿ. ಆಸೆಯ ಲೆಕ್ಕ ಬೇಡ.

ಇನ್ನು ನಿಮ್ಮ ತಾರೀಖುಗಳು. ಅವು ಕೊನೆಯ ದಿನಗಳು, ಕೆಲಸ ಶುರು ಮಾಡುವ ದಿನಗಳಲ್ಲ. 2ಬಿ, ಅಂದರೆ ವೆಂಡರ್‌ಗಳು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ, ಬರುವುದು 14ಕ್ಕೆ. ಹಾಗಾಗಿ ಐಟಿಸಿ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಕಳೆದುಕೊಳ್ಳುವ ಲೆಕ್ಕ) ತಾಳೆ ನೋಡಲು ನಿಮಗೆ ಸಿಗುವುದು ಆರೇ ದಿನ, ನಡುವೆ ಒಂದು ಭಾನುವಾರ ಬಂದರೆ ಐದೇ. ಆ ದಿನಗಳಲ್ಲಿ ಬೆಳಗಿನ ಹೊತ್ತನ್ನು ಈಗಲೇ ಕಾದಿರಿಸಿ. ವೆಂಡರ್‌ಗಳ ಬಿಲ್ ಬೆನ್ನು ಹತ್ತುವ ಕೆಲಸ 14ಕ್ಕೆ ಮುಂಚೆಯೇ ಆಗಲಿ. ಡೈರಿಯಲ್ಲಿ ಸುಮ್ನೆ "ಜಿಎಸ್‌ಟಿ" ಅಂತ ಬರೆಯಬೇಡಿ. ಅದನ್ನು ನೋಡಿದರೇ ಯಾರಿಗಾದರೂ ಚಹಾ ಕುಡಿಯಲು ಎದ್ದು ಹೋಗೋಣ ಅನ್ನಿಸುತ್ತದೆ. "ಸಾಗಣೆಯವರ ಎರಡು ಬಿಲ್ 2ಬಿಯಲ್ಲಿ ಇಲ್ಲ, ಫೋನ್ ಮಾಡು" ಅಂತ ಬರೆಯಿರಿ. ಕೈ ತಾನಾಗಿ ಫೋನಿಗೆ ಹೋಗುತ್ತದೆ.

ಅದೇ ಸದಸ್ಯರು: ನಡುವೆ ಬಾಸ್ ಕರೆದರೆ ಎಲ್ಲ ಮರೆತುಹೋಗುತ್ತದೆ. ವಾಪಸ್ ಬಂದು ಮೊದಲಿಂದ ಶುರು ಮಾಡಬೇಕು.

ಉತ್ತರ: ಕುರ್ಚಿ ಬಿಡುವ ಮುಂಚೆ ಒಂದು ಸಾಲು ಗೀಚಿ: "ಸಾಲು 214, 1,180 ರೂ. ವ್ಯತ್ಯಾಸ, ಬ್ಯಾಂಕ್ ಚಾರ್ಜ್ ಇರಬಹುದು, ಪಾಸ್‌ಬುಕ್ ನೋಡು." ಬಾಸ್‌ಗೆ ಹತ್ತು ಸೆಕೆಂಡ್ ಕಾಯುವಷ್ಟು ತಾಳ್ಮೆ ಇರುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸದ ಒಂದು ಪಾಲು ತಲೆಯಲ್ಲೇ ಉಳಿದುಕೊಂಡು ಮುಂದಿನ ಕೆಲಸವನ್ನೂ ಕೆಡಿಸುತ್ತದೆ ಅಂತ ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಎಲ್ಲಿಗೆ ನಿಂತಿದೆ, ಮುಂದೇನು ಅಂತ ಬರೆದಿಟ್ಟರೆ ಆ ಕಾಟ ಕಡಿಮೆ.

ಊಟದ ಹೊತ್ತಿಗೂ ಇದೇ ಮದ್ದು. ಹೊರಡುವ ಮುಂಚೆ ನಾಳೆಯ ಪಟ್ಟಿ ಬರೆದುಬಿಡಿ. ಆಫೀಸಿನಲ್ಲಿ ಆಗದಿದ್ದರೆ ಮಲಗುವ ಮುಂಚೆ ಆದರೂ ಸರಿ. 2018ರಲ್ಲಿ ಅಮೆರಿಕದ ಒಂದು ನಿದ್ದೆಯ ಪ್ರಯೋಗಾಲಯದಲ್ಲಿ 57 ಯುವಜನರ ಮೇಲೆ ಪ್ರಯೋಗ ಮಾಡಿದರು. ಕೆಲವರು ಮುಗಿಸಿದ ಕೆಲಸಗಳನ್ನು ಬರೆದರು, ಕೆಲವರು ಮುಂದೆ ಮಾಡಬೇಕಾದದ್ದನ್ನು. ಮುಂದಿನದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಸಣ್ಣ ಪ್ರಯೋಗ, ನಿಜ. ಆದರೆ ಖರ್ಚಿಲ್ಲದ ಉಪಾಯ. ಅಂದಹಾಗೆ, ಲೋಕಲ್‌ನಲ್ಲಿ ಪ್ಲಾನ್ ಮಾಡಿ ಅಂತ ಪಾಠ ಹೇಳುವವರನ್ನು ನಂಬಬೇಡಿ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೇ ಸೀಟು ಸಿಕ್ಕಿದರೆ ಕಣ್ಣು ಮುಚ್ಚಿಕೊಳ್ಳಿ, ಸಾಕು.

ಇನ್ನೊಬ್ಬ ಸದಸ್ಯರು: 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಪೊಮೊಡೊರೊ. ಎಲ್ಲರೂ ಇದನ್ನೇ ಮಾಡಿ, ಬೇರೇನೂ ಬೇಡ.

ಉತ್ತರ: ಒಳ್ಳೆಯ ಉಪಾಯ, ಎಲ್ಲರಿಗೂ ಅಲ್ಲ. ಇದನ್ನು ಕಂಡುಕೊಂಡ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ಇಟಲಿಯಲ್ಲಿ ಕಾಲೇಜು ಓದುತ್ತಿದ್ದರು. ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಒಬ್ಬರೇ ಕೂತು ಓದುವಾಗ ಹೊಳೆದದ್ದು. ಹಾಗೆ ಕೂರುವ ಭಾಗ್ಯ ಇದ್ದವರಿಗೆ ಇದು ಸರಿ. ಎದುರಿಗೆ ಗಿರಾಕಿ ನಿಂತಿರುವಾಗ ಟೈಮರ್ ಏನು ಮಾಡುತ್ತದೆ?

ಪ್ರಶ್ನೆ (ಮಾಟುಂಗಾ): ನಮ್ಮದು ಅದೇ ಕಥೆ ಮೇಡಂ. ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತೇನೆ. ಹಾಲಿನವರು, ತರಕಾರಿಯವರು, ಗ್ಯಾಸ್‌ನವರು ಎಲ್ಲರೂ ರಶ್ ಹೊತ್ತಿಗೇ ಬರುತ್ತಾರೆ. ಒಬ್ಬ ಹುಡುಗ ಕೈಕೊಟ್ಟರೆ ದಿನವೇ ಹೋಯಿತು. ನಮಗೆಲ್ಲಿ ಪ್ಲಾನು?

ಉತ್ತರ: ಅಣ್ಣ, ನಿಮ್ಮ ದಿನಕ್ಕೆ ಆಗಲೇ ಒಂದು ಆಕಾರ ಇದೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಕಾಫಿ. ರಶ್‌ನಲ್ಲಿ ಏನೂ ತೀರ್ಮಾನ ಮಾಡಬಾರದು, ಅದೊಂದೇ ನಿಯಮ. ಊಟದ ರಶ್ ಇಳಿದ ಮೇಲೆ ಮೂರು ಗಂಟೆ ಹೊತ್ತಿಗೆ ಸಿಗುವ ಬಿಡುವಿನಲ್ಲಿ ಪೇಮೆಂಟು, ನಾಳೆಯ ಆರ್ಡರು ಮುಗಿಸಿ. ದುಡ್ಡು ಸಿಗುವುದು ಆ ಹೊತ್ತಿಗೇ ಅಂತ ಗೊತ್ತಾದರೆ ಸಪ್ಲೈಯರ್‌ಗಳೂ ತಾವಾಗಿ ಆಗಲೇ ಬರುತ್ತಾರೆ. ಹುಡುಗ ಬಾರದಿದ್ದರೆ ಯಾರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಭಟ್ಟರ ಜೊತೆ ಕೂತು ಒಮ್ಮೆ ಬರೆದು ಒಳಗಡೆ ಅಂಟಿಸಿ. ಬೆಳಿಗ್ಗೆ ಏಳು ಗಂಟೆಗೆ ಅದನ್ನು ಯೋಚಿಸಲು ಹೊರಟರೆ ಸಿಟ್ಟು ಬರುತ್ತದೆಯೇ ಹೊರತು ಉತ್ತರ ಹೊಳೆಯುವುದಿಲ್ಲ.

ಪ್ರಶ್ನೆ (ಠಾಣೆ): ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಟೀಮ್ ನ್ಯೂಯಾರ್ಕ್‌ನಲ್ಲಿದೆ. ಸಂಜೆ ಕಾಲ್ ಇರುವ ಹೊತ್ತಿಗೇ ಮಗಳ ಹೋಮ್‌ವರ್ಕ್, ಅತ್ತೆಯ ಮಾತ್ರೆ, ಅಡುಗೆ. ಆ್ಯಪ್ ಯಾವುದಾದರೂ ಹೇಳುತ್ತೀರಾ?

ಉತ್ತರ: ಆ್ಯಪ್ ಹೇಳುವುದಿಲ್ಲ ಕಣಮ್ಮ. ನೀವು ಬರೆದದ್ದರಲ್ಲಿ ಆಫೀಸಿನ ಕೆಲಸ ಒಂದು, ಮನೆಯದು ಮೂರು. ಒಂದೇ ಹೊತ್ತಿಗೆ ಇಬ್ಬರು ಮಾಡುವಷ್ಟು ಕೆಲಸ ಇದೆ. ಎಷ್ಟೇ ಚೆನ್ನಾಗಿ ಪ್ಲಾನ್ ಮಾಡಿದರೂ ಅದು ಒಬ್ಬರ ಕೈಯಲ್ಲಿ ಆಗುವುದಿಲ್ಲ. ಮನೆಯಲ್ಲಿ ಕೂತು ಹಂಚಿಕೊಳ್ಳಿ. "ಸ್ವಲ್ಪ ಸಹಾಯ ಮಾಡಿ" ಅಂತ ಕೇಳಿದರೆ ಎರಡು ದಿನ ನಡೆದು ನಿಲ್ಲುತ್ತದೆ. "ಸೋಮವಾರದಿಂದ ಶುಕ್ರವಾರ ಹೋಮ್‌ವರ್ಕ್, ಮಾತ್ರೆ ನಿಮ್ಮದು" ಅಂತ ಪೂರ್ತಿ ಒಪ್ಪಿಸಿ, ಆಮೇಲೆ ನಡುವೆ ಹೋಗಬೇಡಿ.

ಇನ್ನೊಂದು ವಿಷಯ. ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಮಾರ್ಚ್‌ನ ಎರಡನೇ ಭಾನುವಾರ ಮುಂದಕ್ಕೆ ಬರುತ್ತದೆ. ಅಲ್ಲಿನ ಬೆಳಗಿನ 9ರ ಕಾಲ್ ಬೇಸಿಗೆಯಲ್ಲಿ ನಿಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಮನೆಯ ಹೊಂದಾಣಿಕೆಯನ್ನೂ ವರ್ಷಕ್ಕೆ ಎರಡು ಸಲ ಬದಲಾಯಿಸಬೇಕು. ಆ ವಾರ ಎಲ್ಲರೂ ಕಾರಣ ಗೊತ್ತಿಲ್ಲದೆ ರೇಗಾಡುತ್ತಾರೆ.

ಪ್ರಶ್ನೆ (ಹೆಸರು, ಊರು ಬೇಡ ಅಂದಿದ್ದಾರೆ): ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತದೆ. ನಿದ್ದೆ ಇಲ್ಲ. ಪಟ್ಟಿ ಬರೆದರೆ ಭಯ ಇನ್ನೂ ಜಾಸ್ತಿ.

ಉತ್ತರ: ಹಾಗಿದ್ದರೆ ಸದ್ಯಕ್ಕೆ ಪಟ್ಟಿ ಬದಿಗಿಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್, ರಕ್ತದ ಕೊರತೆಯಿಂದಲೂ ಎದೆ ಹೀಗೆ ಹೊಡೆದುಕೊಳ್ಳುವುದುಂಟು. ಅದನ್ನೆಲ್ಲ ನೋಡಿ ಏನೂ ಇಲ್ಲ ಅಂದರೆ ಮನಸ್ಸಿನ ಕಡೆ ನೋಡೋಣ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಭಾಷೆ ಆರಿಸಿಕೊಳ್ಳಬಹುದು. ನನಗೂ ಬೇರೆಯಾಗಿ ಮೆಸೇಜ್ ಮಾಡಿ. ಗುಂಪಿನಲ್ಲಿ ಬರೆಯಬೇಕಾಗಿಲ್ಲ.