ಚಿತ್ರದುರ್ಗದ ಗೋಡೌನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರಿಗೆ ಕನೆಕ್ಟೇ ಆಗ್ತಿಲ್ಲ, 10060 ಎರರ್, ಯಾರಾದ್ರು ನೋಡ್ರಪ್ಪ

ಮೆಕ್ಕೆಜೋಳ_ಬಿಲ್ಲು:
ನಮಸ್ಕಾರ ಎಲ್ಲಾರಿಗೂ. ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಒಬ್ರು ದಲಾಲರ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ಕೊಟ್ಟೀನಿ, ವಿಬಿ ಡಾಟ್‌ನೆಟ್ಟು, ಡೇಟಾಬೇಸು ಅಂಗಡಿ ಕಂಪ್ಯೂಟರಲ್ಲೇ ಇತ್ತು, ಇಷ್ಟು ದಿನ ಏನೂ ತಕರಾರಿರ್ಲಿಲ್ಲ. ಈಗ ಸಾವ್ಕಾರ್ರು ಚಿತ್ರದುರ್ಗದಲ್ಲೂ ಒಂದು ಗೋಡೌನ್ ಹಿಡಿದವ್ರೆ, ಅಲ್ಲಿ ಲಾರಿ ತೂಕ ಆದ ತಕ್ಷಣ ಇಲ್ಲಿ ಬಿಲ್ ಕಾಣ್ಬೇಕಂತೆ. ಸರಿ ಅಂತ ಕ್ಲೌಡಲ್ಲಿ ಒಂದು ಸಣ್ಣ ಉಬುಂಟು ಸರ್ವರ್ ಬಾಡಿಗೆಗೆ ತಗೊಂಡು ಮೈಎಸ್‌ಕ್ಯೂಎಲ್ 8 ಹಾಕಿ ಹಳೇ ಡೇಟಾ ಎಲ್ಲ ಏರಿಸ್ದೆ. ಸರ್ವರ್ ಒಳಗೇ ಕೂತು ಲಾಗಿನ್ ಆದ್ರೆ ಎಲ್ಲ ಟೇಬಲ್ಲೂ ಕಾಣ್ತವೆ. ಗೋಡೌನ್ ಕಂಪ್ಯೂಟರಿಂದ ಮಾತ್ರ 10060 ಅಂತ ಬಂದು ಸುಮ್ನಾಗ್ತೈತೆ. ಪಿಂಗ್ ಆರಾಮಾಗಿ ಹೋಗ್ತೈತೆ! ವಿಂಡೋಸ್ ಫೈರ್‌ವಾಲ್ ಆಫ್ ಮಾಡ್ದೆ, ಆಂಟಿವೈರಸ್ ತೆಗ್ದೆ, ಟೈಮೌಟ್ 15 ಇದ್ದದ್ದನ್ನ 120 ಮಾಡ್ದೆ, ಊಹ್ಞೂಂ.

ನನ್ನ ಕನೆಕ್ಷನ್ ಸ್ಟ್ರಿಂಗ್ ಹಿಂಗೈತೆ (ಐಪಿ, ಪಾಸ್‌ವರ್ಡ್ ತೆಗ್ದೀನಿ): ಸರ್ವರ್=ಕ್ಲೌಡ್ ಐಪಿ; ಪೋರ್ಟ್=3306; ಯೂಸರ್=ರೂಟ್; ಎಸ್‌ಎಸ್‌ಎಲ್‌ಮೋಡ್=ನನ್; ಚಾರ್‌ಸೆಟ್=ಲ್ಯಾಟಿನ್1; ಕನೆಕ್ಷನ್ ಟೈಮೌಟ್=120. ಹಳೇ ಪ್ರಾಜೆಕ್ಟಿಂದ ಎತ್ಕೊಂಡಿದ್ದು, ಅರ್ಧ ಏನಂತ ನಂಗೂ ಗೊತ್ತಿಲ್ಲ.

ಯಾರ್ಡಿಗೆ ಜೋಳ ಬರೋಕೆ ಶುರುವಾಗೈತೆ, ಗೋಡೌನಲ್ಲಿ ಹುಡುಗ ತೂಕದ ಚೀಟಿ ಫೋಟೋ ಹೊಡ್ದು ವಾಟ್ಸಾಪಲ್ಲಿ ಕಳಿಸ್ತಾನೆ, ಇಲ್ಲಿ ನಾನು ಕೂತು ಟೈಪ್ ಮಾಡ್ತೀನಿ. ಹೆಬ್ಬೆರಳು ಅಡ್ಡ ಬಂದ ಫೋಟೋದಲ್ಲಿ ಕ್ವಿಂಟಲ್ ಎಷ್ಟು ಅಂತ ಓದೋದು ಸಾಕಾಗೈತೆ. ದಯವಿಟ್ಟು ಹೇಳ್ರಿ.

ಕೋಟೆ_ಕಡೆಯೋನು:
ಗುರು ಇದು ಭಾಳ ಸಿಂಪಲ್ಲು. ಮೈಎಸ್‌ಕ್ಯೂಎಲ್‌ಡಿ ಡಾಟ್ ಸಿಎನ್‌ಎಫ್ ಅಂತ ಫೈಲಿರುತ್ತಲ್ಲ ಅದ್ರಲ್ಲಿ ಬೈಂಡ್-ಅಡ್ರೆಸ್ 127.0.0.1 ಅಂತಿರುತ್ತೆ, ಅಂದ್ರೆ ಸರ್ವರ್ ಒಳಗಿಂದ ಬರೋರಿಗೆ ಮಾತ್ರ, ಅದನ್ನ ಹೊರಗಿನೋರಿಗೂ ಸಿಗೋ ಹಂಗೆ 0.0.0.0 ಮಾಡು, ಸರ್ವಿಸ್ ರೀಸ್ಟಾರ್ಟ್ ಮಾಡು, ರೂಟ್ ಯೂಸರಿಗೆ (ಎಲ್ಲ ಅಧಿಕಾರ ಇರೋನು) ಹೋಸ್ಟ್ ಜಾಗದಲ್ಲಿ % ಹಾಕು, ಅಂದ್ರೆ ಯಾವ ಐಪಿಯಿಂದಾದ್ರೂ ಬರ್ಬೋದು, ಮುಗೀತು. ನಾನು ಎರಡು ಅಂಗಡಿಗೆ ಹಂಗೇ ಮಾಡಿದೀನಿ.

ಚಳ್ಳಕೆರೆ_ಶೇಂಗಾ:
ಮೇಲಿನ ತಮ್ಮ ಹೇಳಿದ್ದು ಮಾಡಿದ್ರೆ ಕೆಲಸ ಆಗುತ್ತೆ, ಸುಳ್ಳಲ್ಲ. ಆದ್ರೆ ಬ್ಯಾಡ. ನಾನೂ ಒಂದು ಕಾಲದಲ್ಲಿ ಎಣ್ಣೆ ಮಿಲ್ಲೊಂದಕ್ಕೆ ಹಿಂಗೇ 3306 ಪೋರ್ಟನ್ನ, ಅಂದ್ರೆ ಮೈಎಸ್‌ಕ್ಯೂಎಲ್ ಬಾಗ್ಲನ್ನ, ಊರಿಗೆಲ್ಲ ತೆಗೆದಿಟ್ಟು, ರೂಟಿಗೆ % ಕೊಟ್ಟು, ಪಾಸ್‌ವರ್ಡ್ ಮಿಲ್ ಹೆಸ್ರು ಮುಂದೆ 123 ಅಂತ ಇಟ್ಟಿದ್ದೆ. ಒಂದು ಸೋಮವಾರ ಬೆಳಿಗ್ಗೆ ನೋಡಿದ್ರೆ ಸ್ಟಾಕ್ ಇಲ್ಲ, ಪಾರ್ಟಿ ಲೆಡ್ಜರ್ ಇಲ್ಲ, ಒಂದೇ ಒಂದು ಟೇಬಲ್ ಕೂತಿತ್ತು, ಅದ್ರೊಳಗೆ ಒಂದೇ ಸಾಲು, ಬಿಟ್‌ಕಾಯಿನ್ ಕಳ್ಸು ಡೇಟಾ ವಾಪಸ್ ಕೊಡ್ತೀವಿ ಅಂತ. ದುಡ್ಡು ಕಳ್ಸಿಲ್ಲ. ಶನಿವಾರದ ಬ್ಯಾಕಪ್ ಪೆನ್‌ಡ್ರೈವಲ್ಲಿತ್ತು, ಅದೇ ಕಾಪಾಡ್ತು. ತೆರೆದ 3306 ಹುಡುಕ್ಕೊಂಡು ಹಗಲೂ ರಾತ್ರಿ ತಿರುಗೋ ಸ್ಕ್ರಿಪ್ಟುಗಳಿದಾವೆ, ಅವಕ್ಕೆ ನಿಮ್ಮದು ದಾವಣಗೆರೆ ಅಂಗಡಿನಾ ಬ್ಯಾಂಕಾ ಅಂತ ಭೇದ ಇಲ್ಲ.

ಈಗ ನಿಮ್ಮ ಎರರಿಗೆ ಬರ್ತೀನಿ. ಎಲ್ರೂ ಕನೆಕ್ಟ್ ಆಗ್ತಿಲ್ಲ ಅಂತ ಒಂದೇ ಮಾತಲ್ಲಿ ಹೇಳ್ತಾರೆ, ಆದ್ರೆ ನಂಬರ್ ನೋಡ್ರಿ, ಎಲ್ಲಿ ನಿಂತೋಗಿದೆ ಅಂತ ಅದೇ ಹೇಳುತ್ತೆ. 10060 ಅಂದ್ರೆ ಟೈಮೌಟು, ನೀವು ಬಾಗ್ಲು ಬಡೀತಿದೀರ, ಒಳಗಿಂದ ಹ್ಞೂಂ ಇಲ್ಲ ಊಹ್ಞೂಂ ಇಲ್ಲ, ಹೆಚ್ಚಿನಂಶ ಮಧ್ಯ ಯಾವ್ದೋ ಫೈರ್‌ವಾಲು ಪ್ಯಾಕೆಟ್ ನುಂಗಿ ಹಾಕ್ತಿದೆ. 10061 ಅಂದ್ರೆ ಸರ್ವರ್ ತನಕ ಹೋದ್ರಿ ಆದ್ರೆ ಆ ಪೋರ್ಟಲ್ಲಿ ಯಾರೂ ಕೂತಿಲ್ಲ. 1130 ಬಂದ್ರೆ ಮೈಎಸ್‌ಕ್ಯೂಎಲ್ಲೇ ಮಾತಾಡ್ತಿದೆ, ಈ ಐಪಿಯಿಂದ ಬರೋರಿಗೆ ಪರ್ಮಿಷನ್ ಇಲ್ಲ ಅಂತಿದೆ. 1045 ಬಂದ್ರೆ ಪಾಸ್‌ವರ್ಡ್ ತಪ್ಪು ಅಥವಾ ಯೂಸರ್-ಹೋಸ್ಟ್ ಜೋಡಿ ತಪ್ಪು. ಪಿಂಗ್ ಹೋಗೋದಕ್ಕೂ ಇದಕ್ಕೂ ಸಂಬಂಧನೇ ಇಲ್ಲ, ಪಿಂಗಿಗೆ ಪೋರ್ಟೇ ಇಲ್ವಲ್ಲ. ಗೋಡೌನ್ ಕಂಪ್ಯೂಟರಲ್ಲಿ ಪವರ್‌ಶೆಲ್ ತೆಗ್ದು ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡಿಗೆ ಐಪಿನೂ ಪೋರ್ಟೂ ಕೊಟ್ಟು ನೋಡ್ರಿ. ಮತ್ತೆ ಕ್ಲೌಡ್ ಕಂಪನಿ ಪ್ಯಾನೆಲಲ್ಲೂ ಒಂದು ಫೈರ್‌ವಾಲ್ ಇರುತ್ತೆ, ಉಬುಂಟು ಒಳಗಿನ ಫೈರ್‌ವಾಲು ಯುಎಫ್‌ಡಬ್ಲ್ಯೂ ಬೇರೆ. ಜನ ಒಂದ್ರಲ್ಲಿ ಪೋರ್ಟ್ ತೆರೆದು ಇನ್ನೊಂದನ್ನ ಮರೀತಾರೆ.

ಮೆಕ್ಕೆಜೋಳ_ಬಿಲ್ಲು:
ಅಣ್ಣಾ ನೀವು ಹೇಳಿದ್ದು ಸರಿ. ಯುಎಫ್‌ಡಬ್ಲ್ಯೂನಲ್ಲಿ ತೆಗ್ದಿದ್ದೆ, ಪ್ಯಾನೆಲಲ್ಲಿ ಇನ್ನೊಂದೈತೆ ಅಂತ ಗೊತ್ತೇ ಇರ್ಲಿಲ್ಲ. ಅದನ್ನ ತೆಗ್ದ ಮೇಲೆ ಈಗ 10061! ಎರರ್ ಬದಲಾಗಿದ್ದಕ್ಕೆ ಖುಷಿ ಪಟ್ಟಿದ್ದು ಜೀವನದಲ್ಲಿ ಇದೇ ಮೊದಲು. ಈಗ ಬೈಂಡ್-ಅಡ್ರೆಸ್ 0.0.0.0 ಮಾಡ್ಲಾ ಬ್ಯಾಡ್ವಾ? ಗೋಡೌನ್ ಐಪಿ ಒಂದಕ್ಕೇ ಪರ್ಮಿಷನ್ ಕೊಡಣ ಅಂದ್ರೆ ಅಲ್ಲಿ ಮೊಬೈಲ್ ಹಾಟ್‌ಸ್ಪಾಟು, ದಿನಕ್ಕೊಂದು ಐಪಿ.

ಚಳ್ಳಕೆರೆ_ಶೇಂಗಾ:
ಬೈಂಡ್-ಅಡ್ರೆಸ್ ಮುಟ್ಲೇಬ್ಯಾಡಿ, 127.0.0.1 ಇರೋದೇ ನಿಮ್ಮ ಪುಣ್ಯ. ಪ್ಯಾನೆಲಲ್ಲೂ ಯುಎಫ್‌ಡಬ್ಲ್ಯೂನಲ್ಲೂ 3306 ಮತ್ತೆ ಮುಚ್ಚಿ, ಎಸ್‌ಎಸ್‌ಎಚ್‌ದು 22 ಒಂದು ತೆಗ್ದಿರ್ಲಿ. ಐಪಿ ಬದ್ಲಾಗೋ ಕಡೆಗೆ ಎಸ್‌ಎಸ್‌ಎಚ್ ಟನಲ್ಲೇ ಸರಿ, ಅಂದ್ರೆ ಸರ್ವರಿಗೆ ದೂರದಿಂದ ಲಾಗಿನ್ ಆಗೋ ಭದ್ರ ಲೈನಿನ ಒಳಗಿಂದ್ಲೇ ಡೇಟಾ ಕಳ್ಸೋದು. ವಿಂಡೋಸ್ 10ರಲ್ಲಿ ಎಸ್‌ಎಸ್‌ಎಚ್ ಬೇರೆ ಇನ್‌ಸ್ಟಾಲ್ ಮಾಡೋದೇನಿಲ್ಲ, 1809 ಆದ್ಮೇಲಿನ ವರ್ಷನ್ನಾದ್ರೆ ಒಳಗೇ ಇರುತ್ತೆ. ಎಸ್‌ಎಸ್‌ಎಚ್ ಕಮಾಂಡಿಗೆ ದೊಡ್ಡ ಎನ್ ಆಪ್ಷನ್ ಕೊಟ್ಟು, ದೊಡ್ಡ ಎಲ್ ಆಪ್ಷನ್ ಮುಂದೆ 3307:127.0.0.1:3306 ಅಂತ ಹಾಕಿ. ಅಂದ್ರೆ ಗೋಡೌನ್ ಕಂಪ್ಯೂಟರಿನ 3307ಕ್ಕೆ ಬಂದಿದ್ದೆಲ್ಲ ಸರ್ವರ್ ಒಳಗಿನ 3306ಕ್ಕೆ ಹೋಗುತ್ತೆ. ಆಮೇಲೆ ಕನೆಕ್ಷನ್ ಸ್ಟ್ರಿಂಗಲ್ಲಿ ಸರ್ವರ್=127.0.0.1, ಪೋರ್ಟ್=3307. ಮೈಎಸ್‌ಕ್ಯೂಎಲ್ಲಿಗೆ ಇದು ಒಳಗಿಂದಾನೇ ಬಂದಂಗೆ ಕಾಣೋದ್ರಿಂದ ಯೂಸರ್ ಹೋಸ್ಟು ಲೋಕಲ್‌ಹೋಸ್ಟ್ ಅಂತಿದ್ರೆ ಸಾಕು, % ಬೇಕಾಗೇ ಇಲ್ಲ.

ಸರ್ವರ್‌ಅಲೈವ್‌ಇಂಟರ್ವಲ್ 60 (ಲೈನ್ ಸುಮ್ನಿದ್ರೆ 60 ಸೆಕೆಂಡಿಗೊಮ್ಮೆ ಸರ್ವರನ್ನ ಮಾತಾಡ್ಸೋದು) ಕೊಡೋದು ಮರೀಬ್ಯಾಡಿ, ಇಲ್ದಿದ್ರೆ ಮಧ್ಯಾಹ್ನ ಹಮಾಲ್ರು ಊಟಕ್ಕೆ ಹೋದಾಗ ಲೈನು ಸುಮ್ನಿರುತ್ತೆ, ಹಾಟ್‌ಸ್ಪಾಟ್ ಕಡೆಯೋರು ಅದನ್ನ ಕಡ್ದು ಹಾಕ್ತಾರೆ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬದ್ಲು ಕೀ ಫೈಲ್ ಹಾಕಿ, ಗೋಡೌನಿಗೇ ಅಂತ ಬೇರೆ ಎಸ್‌ಎಸ್‌ಎಚ್ ಯೂಸರ್ ಮಾಡಿ, ಆಥರೈಸ್ಡ್ ಕೀಸ್ ಫೈಲಲ್ಲಿ ಆ ಕೀ ಸಾಲಿನ ಮುಂದೆ ರಿಸ್ಟ್ರಿಕ್ಟ್, ಪೋರ್ಟ್-ಫಾರ್ವರ್ಡಿಂಗ್, ಪರ್ಮಿಟ್‌ಓಪನ್ 127.0.0.1:3306, ಕಮಾಂಡ್ /ಬಿನ್/ಫಾಲ್ಸ್ ಈ ನಾಲ್ಕೂ ಬರ್ದ್ರೆ ಆ ಕೀ ಕಳ್ದೋದ್ರೂ ಸರ್ವರಲ್ಲಿ ಕಮಾಂಡ್ ಓಡ್ಸಕ್ಕಾಗಲ್ಲ, ಬೇರೆ ಪೋರ್ಟಿಗೂ ಹೋಗಕ್ಕಾಗಲ್ಲ. ರೂಟ್ ಯೂಸರಲ್ಲಿ ಬಿಲ್ ಹಾಕೋದು ಇವತ್ತೇ ನಿಲ್ಸಿ, ಆ ಒಂದು ಡೇಟಾಬೇಸಿಗೆ ಮಾತ್ರ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ ಇರೋ ಯೂಸರ್ ಮಾಡ್ಕೊಳ್ಳಿ. ಡಿಲೀಟ್ ಕೊಡ್ಲೇಬ್ಯಾಡಿ, ದಲಾಲಿ ಅಂಗಡಿ ಬಿಲ್ಲು ಯಾರ್ ಯಾಕ್ ಅಳಿಸ್ಬೇಕು?

ಕೋಟೆ_ಕಡೆಯೋನು:
ಅಣ್ಣ ಅಷ್ಟೆಲ್ಲ ಬೇಕಾ ಒಂದು ಗೋಡೌನಿಗೆ? ಸರಿ ಬಿಡಿ, ನನ್ನ ಎರಡು ಅಂಗಡಿದೂ ಇವತ್ತು ರಾತ್ರಿ ಮುಚ್ತೀನಿ, ಬಿಟ್‌ಕಾಯಿನ್ ಕತೆ ಕೇಳಿ ಹೊಟ್ಟೆ ತೊಳೆಸ್ದಂಗಾಯ್ತು.

ಮೆಕ್ಕೆಜೋಳ_ಬಿಲ್ಲು:
ಟನಲ್ ಆಯ್ತು ಅಣ್ಣಾ, ಪೋರ್ಟ್ ಟೆಸ್ಟ್ ಟ್ರೂ ಬಂತು. ಆದ್ರೆ ಲಾಗಿನ್ ಆಗ್ತಿಲ್ಲ, ಕ್ಯಾಶಿಂಗ್ ಶಾ2 ಪಾಸ್‌ವರ್ಡ್ (ಮೈಎಸ್‌ಕ್ಯೂಎಲ್ 8 ಪಾಸ್‌ವರ್ಡ್ ಪರೀಕ್ಷೆ ಮಾಡೋ ರೀತಿಯಂತೆ) ಅನ್ನೋದಕ್ಕೆ ಸಪೋರ್ಟ್ ಇಲ್ಲ ಅಂತೈತೆ. ಒಂದು ವಿಡಿಯೋದಲ್ಲಿ ಯೂಸರನ್ನ ಹಳೇ ರೀತಿಗೆ, ಅಂದ್ರೆ ನೇಟಿವ್ ಪಾಸ್‌ವರ್ಡಿಗೆ ಬದಲಾಯಿಸು ಅಂತವ್ನೆ.

ಇನ್ನೊಂದು. ಸಾಫ್ಟ್‌ವೇರಿಂದ ಉಳಿಸಿದ ಕನ್ನಡ ಹೆಸರೆಲ್ಲ ಸರ್ವರ್ ಒಳಗೆ ಹೋಗಿ ನೋಡಿದ್ರೆ ಪ್ರಶ್ನೆ ಗುರ್ತು. ಮೊದ್ಲು ಹೆಸ್ರು ಇಂಗ್ಲಿಷಲ್ಲೇ ಹಾಕ್ತಿದ್ವಿ, ಊರ ಹೆಸ್ರು ಕನ್ನಡ ಮಾಡ್ದಾಗ್ಲಿಂದ ಈ ಕತೆ. ಹೊಳಲ್ಕೆರೆ ಅಂತ ಹಾಕಿದ್ರೆ ಒಂಬತ್ತು ಪ್ರಶ್ನೆ ಗುರ್ತು ಬರ್ತೈತೆ, ಒಂಬತ್ತು ಯಾಕೆ ಅಂತಾನೂ ತಿಳೀಲಿಲ್ಲ.

ಮಂಡಕ್ಕಿ_ಮಿರ್ಚಿ:
ಪ್ರಶ್ನೆ ಗುರ್ತಿಂದು ನಾನ್ ಹೇಳ್ತೀನಿ ಸರ್, ಇದ್ರಲ್ಲಿ ಎರಡು ವಾರ ಹಾಳಾಗಿದೆ ನಂದು. ಹೊಳಲ್ಕೆರೆ ಕಣ್ಣಿಗೆ ನಾಲ್ಕೇ ಅಕ್ಷರ, ಕಂಪ್ಯೂಟರಿಗೆ ಹ, ಒತ್ವ, ಳ, ಲ, ಹಲಂತ, ಕ, ಎತ್ವ, ರ, ಎತ್ವ, ಹಿಂಗೆ ಒಂಬತ್ತು. ಒಂದೊಂದಕ್ಕೂ ಒಂದು ಪ್ರಶ್ನೆ ಗುರ್ತು. ತಪ್ಪು ನಿಮ್ಮ ಸ್ಟ್ರಿಂಗಲ್ಲೇ ಇದೆ ನೋಡಿ, ಚಾರ್‌ಸೆಟ್=ಲ್ಯಾಟಿನ್1. ಆ ಲ್ಯಾಟಿನ್1 ಒಳಗೆ ಕನ್ನಡನೇ ಇಲ್ಲ, ಹಂಗಾಗಿ ಡೇಟಾ ನಿಮ್ಮ ಕಂಪ್ಯೂಟರ್ ಬಿಡೋ ಮುಂಚೆನೇ ಪ್ರಶ್ನೆ ಗುರ್ತಾಗಿ ಹೋಗುತ್ತೆ. ಕನ್ನಡನೂ ಇರೋ ಯುಟಿಎಫ್8ಎಂಬಿ4 ಮಾಡಿ. ಟೇಬಲ್ಲುಗಳೂ ಹಳೇ ವರ್ಷನ್ನಿಂದ ಬಂದಿದ್ರೆ ಲ್ಯಾಟಿನ್1 ಆಗೇ ಕೂತಿರ್ತವೆ, ಶೋ ಕ್ರಿಯೇಟ್ ಟೇಬಲ್ ಕೊಟ್ಟು ನೋಡಿ, ಇದ್ರೆ ಅವನ್ನೂ ಕನ್ವರ್ಟ್ ಮಾಡಿ, ಮೊದ್ಲು ಬ್ಯಾಕಪ್ ತಗೊಂಡು.

ಈಗಾಗ್ಲೇ ಹೋಗಿರೋ ಹೆಸ್ರು ಉಳಿದಾವಾ ಇಲ್ವಾ ನೋಡೋಕೆ ಆ ಕಾಲಮ್ಮಿಗೆ ಹೆಕ್ಸ್ ಫಂಕ್ಷನ್ ಹಾಕಿ, ಒಳಗೆ ನಿಜವಾಗ್ಲೂ ಏನು ಕೂತಿದೆ ಅಂತ ಕೋಡಲ್ಲಿ ತೋರ್ಸುತ್ತೆ. ಇ, ಸೊನ್ನೆ, ಬಿ, ಆಮೇಲೆ 2 ಇಲ್ಲ 3, ಹಿಂಗೆ ಶುರುವಾದ್ರೆ ಒಳಗೆ ಕನ್ನಡ ಜೋಪಾನವಾಗಿದೆ, ತೋರ್ಸೋ ಕಡೆ ಮಾತ್ರ ಎಡವಟ್ಟು. ಬರೀ 3ಎಫ್ 3ಎಫ್ 3ಎಫ್ ಅಂತಿದ್ರೆ ಅಲ್ಲಿರೋದು ನಿಜವಾಗ್ಲೂ ಪ್ರಶ್ನೆ ಗುರ್ತೇ, ಏನ್ ತಿಪ್ಪರಲಾಗ ಹಾಕಿದ್ರೂ ವಾಪಸ್ ಬರಲ್ಲ.

ಚಳ್ಳಕೆರೆ_ಶೇಂಗಾ:
ಆ ವಿಡಿಯೋ ಮಾತು ಕೇಳ್ಬ್ಯಾಡಿ. ನೇಟಿವ್ ಪಾಸ್‌ವರ್ಡ್ 8.4ರಲ್ಲೇ ಡಿಫಾಲ್ಟಾಗಿ ಆಫ್ ಮಾಡಿದಾರೆ, 9.0ರಲ್ಲಿ ತೆಗ್ದೇ ಹಾಕಿದಾರೆ, ಮುಂದೆ ಅಪ್‌ಗ್ರೇಡ್ ಮಾಡಿದ ದಿನ ಮತ್ತೆ ಇಲ್ಲೇ ಬರ್ತೀರ. ನಿಮ್ಮ ಪ್ರಾಜೆಕ್ಟಲ್ಲಿ ಸಾಫ್ಟ್‌ವೇರನ್ನ ಮೈಎಸ್‌ಕ್ಯೂಎಲ್ಲಿಗೆ ಜೋಡಿಸೋ ಕನೆಕ್ಟರ್ ಡಿಎಲ್‌ಎಲ್ ಫೈಲು ಹಳೇದು, ಹೊಸಾದು ಹಾಕಿ. ಎಸ್‌ಎಸ್‌ಎಲ್‌ಮೋಡ್=ನನ್ ಕೂಡ ತೆಗೀರಿ, ಇಲ್ದಿದ್ರೆ ಮುಂದೆ ಪಬ್ಲಿಕ್ ಕೀ ರಿಟ್ರೀವಲ್ ಅಂತ ಇನ್ನೊಂದು ಎರರ್ ಕಾಯ್ತಿರುತ್ತೆ. ಟೈಮೌಟು 15ಕ್ಕೇ ವಾಪಸ್ ತನ್ನಿ, 120 ಇಟ್ಟು ಏನೂ ಸಿಗಲ್ಲ.

ಮತ್ತೆ ಫಾರಂ ಲೋಡಲ್ಲಿ ಕನೆಕ್ಷನ್ ಓಪನ್ ಮಾಡಿ ದಿನಪೂರ್ತಿ ಹಿಡ್ಕೊಂಡಿದೀರಾ? ಹಂಗಿದ್ರೆ ಬೆಳಿಗ್ಗೆ ಮೊದಲ ಬಿಲ್ಲು ಫೇಲ್ ಆಗುತ್ತೆ. ಸುಮ್ನಿರೋ ಕನೆಕ್ಷನ್ನನ್ನ ಮೈಎಸ್‌ಕ್ಯೂಎಲ್ ಎಷ್ಟೊತ್ತು ಇಟ್ಕೊಳ್ಳುತ್ತೆ ಅನ್ನೋ ವೇಟ್ ಟೈಮೌಟ್ ಡಿಫಾಲ್ಟು 28800 ಸೆಕೆಂಡು, ಎಂಟು ತಾಸು. ರಾತ್ರಿ ಕಂಪ್ಯೂಟರ್ ಆಫ್ ಮಾಡ್ದೆ ಹೋದ್ರೆ ಅಷ್ಟೊತ್ತಿಗೆ ಸರ್ವರ್ ಕಡೆಯಿಂದ ಕಡ್ದಿರುತ್ತೆ. ಬಿಲ್ ಸೇವ್ ಮಾಡೋವಾಗ ಓಪನ್, ಆದ ತಕ್ಷಣ ಕ್ಲೋಸ್, ಕನೆಕ್ಷನ್ ಮತ್ತೆ ಮತ್ತೆ ಬಳಸೋದನ್ನ ಪೂಲಿಂಗ್ ತನ್ನಷ್ಟಕ್ಕೆ ನೋಡ್ಕೊಳ್ಳುತ್ತೆ.

ಮೆಕ್ಕೆಜೋಳ_ಬಿಲ್ಲು:
ಆಯ್ತು!! ಡಿಎಲ್‌ಎಲ್ ಬದಲಾಯಿಸ್ದೆ, ಗೋಡೌನಿಂದ ಮೊದಲ ಬಿಲ್ ಬಂತು, ಊರು ಹೊಳಲ್ಕೆರೆ ಅಂತಾನೇ ಕಾಣ್ತೈತೆ. ಬೆಳಿಗ್ಗೆ ಮೊದಲ ಬಿಲ್ ಫೇಲ್ ಆಗೋದು ಅಂಗಡಿಲೂ ಇತ್ತು, ನಾನು ಸಾವ್ಕಾರ್ರಿಗೆ ಕರೆಂಟ್ ಪ್ರಾಬ್ಲಮ್ ಅಂತ ಹೇಳ್ಕೊಂಡು ಬಂದಿದ್ದೆ. ಟನಲ್ ವಿಂಡೋನ ಹುಡುಗ ಕ್ಲೋಸ್ ಮಾಡ್ಬಿಟ್ರೆ ಏನ್ಮಾಡ್ಲಿ?

ಚಳ್ಳಕೆರೆ_ಶೇಂಗಾ:
ಟಾಸ್ಕ್ ಶೆಡ್ಯೂಲರಲ್ಲಿ ಕಂಪ್ಯೂಟರ್ ಸ್ಟಾರ್ಟ್ ಆದಾಗ ಓಡೋ ಹಂಗೆ ಹಾಕಿ, ಲಾಗಿನ್ ಆಗಿರ್ಲಿ ಬಿಡ್ಲಿ ಅನ್ನೋ ಆಪ್ಷನ್ ಆರಿಸಿದ್ರೆ ವಿಂಡೋನೇ ಕಾಣಲ್ಲ. ಫೇಲ್ ಆದ್ರೆ ಒಂದು ನಿಮಿಷಕ್ಕೆ ಮತ್ತೆ ಶುರು ಅಂತಾನೂ ಕೊಡಿ. ಕೀ ಫೈಲು ಆ ಟಾಸ್ಕ್ ಓಡೋ ಯೂಸರಿಗೆ ಓದಕ್ಕೆ ಸಿಗ್ಬೇಕು, ಅದೊಂದು ನೋಡ್ಕೊಳ್ಳಿ.

ಮೆಕ್ಕೆಜೋಳ_ಬಿಲ್ಲು:
ಸರಿ ಅಣ್ಣಾ. ಹೆಕ್ಸ್ ಹಾಕಿ ನೋಡ್ದೆ, ಎಲ್ಲ 3ಎಫ್ಫೇ. ಹಳೇ ಚೀಟಿಗಳು ಗೋಣಿಚೀಲದಲ್ಲಿ ಕಟ್ಟಿಟ್ಟವ್ರೆ, ಬಿಚ್ಚಿ ಟೈಪ್ ಮಾಡೋಕೆ ಕೂರ್ತೀನಿ.